ಕಾಯಿಲೆಯೇ ತಪ್ಪಾಗುವ ಕಚೇರಿ

ಖಿನ್ನತೆಯ ಲಕ್ಷಣಗಳೇನು ಎಂದು ಮನೋವೈದ್ಯರನ್ನು ಕೇಳಿದರೆ ಹೇಳುವುದು ಇಷ್ಟು: ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ, ಗಮನ ನಿಲ್ಲುವುದಿಲ್ಲ, ಸಣ್ಣ ನಿರ್ಧಾರಕ್ಕೂ ತಿಣುಕಾಡಬೇಕಾಗುತ್ತದೆ, ಮಾತು–ನಡೆ ನಿಧಾನವಾಗುತ್ತದೆ, ನಿದ್ದೆ ಕೆಡುತ್ತದೆ, ಜನರೊಡನೆ ಬೆರೆಯುವುದು ಬೇಡವೆನಿಸುತ್ತದೆ. ಈಗ ಕೆಲಸದಲ್ಲಿ ಹಿಂದೆ ಬಿದ್ದ ನೌಕರರೊಬ್ಬರ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬರೆಯುವ ಷರಾ ಓದಿ: ಉತ್ಸಾಹವಿಲ್ಲ, ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳುವುದಿಲ್ಲ, ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದಿಲ್ಲ, ತಂಡದ ಜತೆ ಹೊಂದಿಕೊಳ್ಳುವುದಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಪಟ್ಟಿ. ಒಂದರ ಕೊನೆಗೆ ಔಷಧಿ ಚೀಟಿ ಸಿಗುತ್ತದೆ, ಇನ್ನೊಂದರ ಕೊನೆಗೆ ಕಡಿಮೆ ರೇಟಿಂಗ್.

ಕಚೇರಿಗಳಲ್ಲಿ ಮಾನಸಿಕ ಆರೋಗ್ಯದ ಮಾತು ಈಗ ಕಡಿಮೆಯೇನಿಲ್ಲ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂದರೆ ಉಪನ್ಯಾಸ, ಯೋಗ, ಧ್ಯಾನ, ಗೋಡೆಗೊಂದು ಪೋಸ್ಟರ್, ಕೌನ್ಸೆಲರ್ ಫೋನ್ ನಂಬರು ಇರುವ ಇಮೇಲ್. ಇವುಗಳಿಂದ ತೊಂದರೆಯೇನೂ ಆಗದು. ಆದರೆ ಮರುದಿನ ಅದೇ ನೌಕರ ಅದೇ ಮ್ಯಾನೇಜರ್ ಎದುರು ಕೂರಬೇಕು. ಆ ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಬಚಾವ್, ಇಲ್ಲದಿದ್ದರೆ ಇಲ್ಲ. ಒಂದು ಕಾಯಿಲೆಯ ಹಣೆಬರಹ ಹೀಗೆ ಒಬ್ಬರ ಒಳ್ಳೆಯತನದ ಮೇಲೆ ನಿಂತಿರುವುದೇ ನನ್ನ ತಕರಾರು.

ಬೆಂಗಳೂರಿನ ಐ.ಟಿ. ಕಂಪನಿಗಳಲ್ಲಿ ಎಲ್ಲರಿಗೂ ಗೊತ್ತಿರುವ ‘ಪಿಐಪಿ’ಯನ್ನೇ ನೋಡೋಣ. ಕೆಲಸ ಸುಧಾರಿಸಿಕೊಳ್ಳಿ ಎಂದು ಕೊಡುವ ಗಡುವು ಅದು. ಸಾಮಾನ್ಯವಾಗಿ 30, 60 ಇಲ್ಲವೇ 90 ದಿನ. ಖಿನ್ನತೆಗೆ ಕೊಡುವ ಮಾತ್ರೆಗಳು ಸರಿಯಾಗಿ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರಗಳಲ್ಲಿ ಗುಣಕ್ಕಿಂತ ಮುಂಚೆ ವಾಕರಿಕೆ, ಮಂಪರು, ಚಡಪಡಿಕೆಯಂತಹ ಅಡ್ಡಪರಿಣಾಮಗಳೇ ಕಾಣಿಸಿಕೊಳ್ಳಬಹುದು. ಮಾತ್ರೆ ಒಗ್ಗದಿದ್ದರೆ ಬೇರೆ ಬರೆದುಕೊಡುತ್ತಾರೆ, ಲೆಕ್ಕ ಮತ್ತೆ ಮೊದಲಿನಿಂದ. ಅಂದರೆ, ಪಿಐಪಿ ಕೈಗೆ ಬಂದ ದಿನವೇ ವೈದ್ಯರ ಬಳಿ ಹೋದವರಿಗೂ 30 ದಿನದ ಗಡುವು ಮಾತ್ರೆ ನಾಟುವ ಮುಂಚೆಯೇ ಮುಗಿದಿರಬಹುದು. ಕ್ಷಯಕ್ಕೆ ಮಾತ್ರೆ ನುಂಗುತ್ತಿರುವವರಿಗೆ ‘ಒಂದು ತಿಂಗಳಲ್ಲಿ ಕೆಮ್ಮು ನಿಲ್ಲಿಸಿ ತೋರಿಸಿ’ ಎಂದು ಪತ್ರ ಕೊಟ್ಟಂತೆ ಇದು.

ದಿನದ ಹೊತ್ತಿನ ವಿಷಯವೂ ಇದೆ. ತೀವ್ರ ಖಿನ್ನತೆಯಿರುವ ಅನೇಕರಿಗೆ ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತದೆ, ಬೆಳಗಿನ ಹೊತ್ತೇ ಅತಿ ಭಾರ. ಸಂಜೆಯ ಹೊತ್ತಿಗೆ ಮನಸ್ಸು ಸ್ವಲ್ಪ ಹಗುರವಾಗಿ ಅದೇ ಮನುಷ್ಯ ತಕ್ಕಮಟ್ಟಿಗೆ ಕೆಲಸ ಮಾಡಬಲ್ಲ. ಆದರೆ ‘ನಿನ್ನೆ ಏನು ಮಾಡಿದೆ, ಇವತ್ತೇನು ಮಾಡುತ್ತೀ’ ಎಂದು ಎಲ್ಲರೆದುರು ಒಪ್ಪಿಸುವ ಸ್ಟ್ಯಾಂಡಪ್ ಮೀಟಿಂಗ್ ಇರುವುದು ಬೆಳಿಗ್ಗೆಯೇ, ಬಯೊಮೆಟ್ರಿಕ್‌ಗೆ ಬೆರಳು ಒತ್ತಬೇಕಾದುದೂ ಆಗಲೇ. ಒಬ್ಬ ಟೀಮ್ ಲೀಡ್ ಆ ಮೀಟಿಂಗನ್ನು ಮಧ್ಯಾಹ್ನಕ್ಕೆ ಸರಿಸಿದರೆ ಆಗುವ ಉಪಕಾರ ವರ್ಷವಿಡೀ ಧ್ಯಾನದ ಕ್ಲಾಸು ನಡೆಸಿದರೂ ಆಗದು.

ಮ್ಯಾನೇಜರ್ ಹೇಳುವ ತಪ್ಪನ್ನು ಖಿನ್ನತೆಯಲ್ಲಿರುವವರು ತಾವೇ ಒಪ್ಪಿಕೊಂಡುಬಿಡುತ್ತಾರೆ ಎಂಬುದು ಇದಕ್ಕಿಂತ ದೊಡ್ಡ ಸಂಗತಿ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ, ಎಲ್ಲರಿಗೂ ಹೊರೆ’ ಎಂಬ ಅಪರಾಧಭಾವವೂ ಈ ಕಾಯಿಲೆಯ ಲಕ್ಷಣವೇ. ಒಳಗಿನ ದನಿ ಹೇಳುತ್ತಿರುವುದನ್ನೇ ಹೊರಗಿನ ದನಿಯೂ ಹೇಳಿದಾಗ ಎದುರು ಮಾತಾಡುವುದು ಯಾರ ಜತೆ? ಅಂಥ ಹೊತ್ತಿನಲ್ಲೇ ಎಚ್‌ಆರ್ ರೂಮಿನಲ್ಲಿ ಮೆಲ್ಲಗೆ ಮಾತು ಬರುತ್ತದೆ: ‘ನೀವೇ ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ, ನಾವೇ ತೆಗೆದರೆ ಮುಂದೆ ನಿಮಗೇ ಕಷ್ಟ’. ಇದನ್ನು ಕೇಳಿ ಅಲ್ಲೇ ಸಹಿ ಹಾಕಿ ಬರುವವರಿದ್ದಾರೆ. ಖಿನ್ನತೆ ತೀವ್ರವಾಗಿದ್ದಾಗ ದೊಡ್ಡ ನಿರ್ಧಾರಗಳನ್ನು ಮುಂದೂಡಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುವುದು ಇದಕ್ಕೇ. ಕೆಲಸ ಬಿಡುವುದೇ ಸರಿಯಾದ ದಾರಿಯಾಗಿರುವ ಕಚೇರಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಚಿಕಿತ್ಸೆ ಹಿಡಿತಕ್ಕೆ ಬಂದ ಮೇಲೆ, ಮನೆಯಲ್ಲಿ ಕೂತು, ಸಾಲದ ಕಂತು ಲೆಕ್ಕ ಹಾಕಿ ಬಿಡುವುದಕ್ಕೂ ಎಚ್‌ಆರ್ ಕೊಟ್ಟ ಪೆನ್ನಿನಲ್ಲಿ ಸಹಿ ಹಾಕುವುದಕ್ಕೂ ವ್ಯತ್ಯಾಸವಿದೆ. ಬದುಕೇ ಬೇಡವೆನಿಸುವ ಯೋಚನೆ ಬಂದವರಂತೂ ರಜೆ, ರೇಟಿಂಗ್ ಯಾವ ಲೆಕ್ಕವನ್ನೂ ಹಾಕದೆ ಮನೆಯವರಿಗೆ ಹೇಳಬೇಕು, ಆಸ್ಪತ್ರೆಗೆ ಹೋಗಬೇಕು ಅಥವಾ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡುತ್ತಾರೆ. ಅದರ ರಾಷ್ಟ್ರಮಟ್ಟದ ಹೊಣೆ ಹೊತ್ತಿರುವುದು ನಮ್ಮ ನಿಮ್ಹಾನ್ಸ್.

ರಜೆ ಅರ್ಜಿಗಳಲ್ಲಿ ಖಿನ್ನತೆ ಎಂಬ ಪದ ಹುಡುಕಿದರೂ ಸಿಗದು. ವೈರಲ್ ಫೀವರ್ ಸಿಗುತ್ತದೆ, ಟೈಫಾಯ್ಡ್, ಸ್ಲಿಪ್ ಡಿಸ್ಕ್, ಊರಲ್ಲಿ ಅಜ್ಜಿಗೆ ಸೀರಿಯಸ್ ಸಿಗುತ್ತದೆ. ಮನೋವೈದ್ಯರ ಲೆಟರ್‌ಹೆಡ್ ಕಂಡರೆ ನಾಳೆ ಕ್ಯಾಂಟೀನಿನಲ್ಲಿ ಏನು ಮಾತು ಬರುತ್ತದೋ ಎಂಬ ಹೆದರಿಕೆ ಸುಳ್ಳೇನಲ್ಲ, ಹಾಗಾಗಿ ಪರಿಚಯದ ಡಾಕ್ಟರಿಂದ ಜ್ವರದ ಸರ್ಟಿಫಿಕೇಟ್. ಇದರ ಬೆಲೆ ಗೊತ್ತಾಗುವುದು ಆಮೇಲೆ. ಕೆಲಸದಿಂದ ತೆಗೆದಾಗ ‘ನನಗೆ ಕಾಯಿಲೆಯಿತ್ತು’ ಎನ್ನಲು ಕೈಯಲ್ಲೊಂದು ಕಾಗದವಿರುವುದಿಲ್ಲ. ಇರುವ ಕಾಗದಗಳೆಲ್ಲ ಜ್ವರದ ಕತೆ ಹೇಳುತ್ತವೆ. ಮ್ಯಾನೇಜರ್ ಬಳಿ ಮನಸ್ಸು ಬಿಚ್ಚಿ ಮಾತಾಡಿ ಎಂಬ ಸಲಹೆಯಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಯಾರಿಗೂ ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ಚಿಕಿತ್ಸೆಯಲ್ಲಿದ್ದೇನೆ ಎಂಬುದಕ್ಕೆ ತಾರೀಕು ಇರುವ ವೈದ್ಯರ ಪತ್ರ ಇರಬೇಕು, ಕಾರಿಡಾರಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಬರೆದಿರಬೇಕು. ಪತ್ರದಲ್ಲಿ ಎಷ್ಟು ವಿವರ ಇರಬೇಕೆಂದು ವೈದ್ಯರ ಜತೆಯೇ ಮಾತಾಡಿಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರೋಗಿಯ ಗೋಪ್ಯತೆ ಕಾಪಾಡುವುದು ಅವರ ಕರ್ತವ್ಯ.

ಅಂಥ ಕಾಗದ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಕೊಟ್ಟ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದ ತೀರ್ಪು ಸಾಕ್ಷಿ. ಗೀಳು ಕಾಯಿಲೆ ಮತ್ತು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ಸಿಆರ್‌ಪಿಎಫ್ ಅಧಿಕಾರಿಯ ಮೇಲೆ ಅವರ ನಡವಳಿಕೆಗಾಗಿ ಇಲಾಖಾ ವಿಚಾರಣೆ ಹೂಡಲಾಗಿತ್ತು. ಮಾನಸಿಕ ವೈಕಲ್ಯವಿರುವವರು ಉಳಿದವರಿಗಿಂತ ಹೆಚ್ಚಾಗಿ ಇಂಥ ಶಿಸ್ತುಕ್ರಮಕ್ಕೆ ಗುರಿಯಾಗುವ ಸಂಭವವಿರುತ್ತದೆ, ಆದ್ದರಿಂದ ಅದು ಪರೋಕ್ಷ ತಾರತಮ್ಯವೇ ಎಂದಿತು ಕೋರ್ಟ್. ಎಲ್ಲರಿಗೂ ಒಂದೇ ನಿಯಮ ಎಂಬ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ.

ಆದರೆ ಅವರದು ಸರ್ಕಾರಿ ನೌಕರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಂ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯಬಾರದು, ಹಿಂಬಡ್ತಿ ಕೊಡಬಾರದು ಎಂದು ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಂಪನಿಗಳಿಗೆ ಆ ಕಲಂ ಅನ್ವಯಿಸದು, ಅವು ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಬೇಕು. ದೀರ್ಘಕಾಲದ ತೊಂದರೆಯನ್ನು ಮಾತ್ರ ವೈಕಲ್ಯವೆಂದು ಕಾಯ್ದೆ ಪರಿಗಣಿಸುವುದರಿಂದ ಆರು ತಿಂಗಳ ಖಿನ್ನತೆ ಅದರ ವ್ಯಾಪ್ತಿಗೆ ಬರುವುದೂ ಕಷ್ಟ. ಇನ್ನು ವಿಮೆ: ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯಂತೆಯೇ ಒಳಗೊಳ್ಳಬೇಕೆಂದು ಕಾನೂನಿದೆ. ಆದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದರೆ. ಖಿನ್ನತೆಯ ಚಿಕಿತ್ಸೆ ಬಹುಪಾಲು ನಡೆಯುವುದು ಹೊರರೋಗಿಯಾಗಿ.

ವಿಚಿತ್ರವೆಂದರೆ, ಕಾಗದದ ಮಟ್ಟಿಗೆ ಸಾಫ್ಟ್‌ವೇರ್ ಎಂಜಿನಿಯರ್‌ಗಿಂತ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳೇ ಹೆಚ್ಚು ಸುರಕ್ಷಿತ. ಆಕೆಗೆ ಇಎಸ್‌ಐ ಇದೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ದೀರ್ಘಕಾಲದ ಕಾಯಿಲೆಗಳ 34ರ ಪಟ್ಟಿಯಲ್ಲಿ ತೀವ್ರ ಖಿನ್ನತೆಯ ಒಂದು ಬಗೆಯೂ ಇದ್ದು, ಅದಕ್ಕೆ ಶೇ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಆದರೆ ಈ ಪಟ್ಟಿಯನ್ನು ಆಕೆಗೆ ಓದಿ ಹೇಳುವವರು ಯಾರು? ಆಕೆಯ ದಿನ ನಡೆಯುವುದು ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಮೇಲೆ. ಒಂದು ಗಂಟೆಯ ಪೀಸು ಕಡಿಮೆಯಾದರೆ ಸೂಪರ್‌ವೈಸರ್ ಇಡೀ ಲೈನಿಗೆ ಕೇಳುವಂತೆ ಕೂಗುತ್ತಾನೆ, ಶೌಚಕ್ಕೆ ಹೋಗಲೂ ಅವನ ಮುಖ ನೋಡಬೇಕು. ಒತ್ತಡ ಹೆಚ್ಚು, ಕೆಲಸದ ಮೇಲೆ ಸ್ವಂತ ಹಿಡಿತ ಕಡಿಮೆ: ಮನಸ್ಸಿಗೆ ಅತಿ ಹೆಚ್ಚು ಹಾನಿ ಮಾಡುವುದು ಈ ಜೋಡಿ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದರು. ಬರೀ ದುಡಿಮೆಯ ಗಂಟೆಗಳನ್ನು ಎಣಿಸುವ ನಮ್ಮ ‘ವಾರಕ್ಕೆ 70 ಗಂಟೆ’ ಚರ್ಚೆಯಲ್ಲಿ ಸ್ವಂತ ಹಿಡಿತ ಎಂಬ ಈ ಎರಡನೆಯ ಅರ್ಧ ಬರುವುದೇ ಇಲ್ಲ.

ಸೂಪರ್‌ವೈಸರ್ ಕೂಗುವುದು ತನ್ನ ಮೇಲಿನವರು ಕೂಗಿದ್ದರಿಂದ ಎಂಬುದೂ ನಿಜ. 2023ರ ಜೂನ್‌ನಲ್ಲಿ ಕೋಲ್ಕತ್ತಾದ ಖಾಸಗಿ ಬ್ಯಾಂಕೊಂದರ ಅಧಿಕಾರಿ ಆನ್‌ಲೈನ್ ಮೀಟಿಂಗಿನಲ್ಲಿ ಟಾರ್ಗೆಟ್ ಮುಟ್ಟದ ಸಿಬ್ಬಂದಿಯನ್ನು ಬಾಯಿಗೆ ಬಂದಂತೆ ಬೈದ ವಿಡಿಯೊ ದೇಶವೆಲ್ಲ ಹರಿದಾಡಿತು. ಬ್ಯಾಂಕು ಅವರನ್ನು ಅಮಾನತು ಮಾಡಿತು. ಬೈದವರ ಮೇಲೆ ಕ್ರಮ ಸರಿಯೇ, ಆದರೆ ಟಾರ್ಗೆಟ್ ಹಾಕಿದ್ದು ಅವರೊಬ್ಬರೇ ಆಗಿರಲಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಮ್ಯಾನೇಜರ್‌ಗಳಿಗೆ ಮಾನಸಿಕ ಆರೋಗ್ಯದ ಬಗ್ಗೆ ತರಬೇತಿ ಕೊಡಿ ಎಂದಿದೆ. ಕೊಡಲಿ. ತರಬೇತಿ ಪಡೆದವರ ಕೈಗೂ ಮತ್ತದೇ ಟಾರ್ಗೆಟ್ ಶೀಟು ಬರುವುದಾದರೆ ಹೆಚ್ಚೇನೂ ಬದಲಾಗದು.

‘ಹೀಗೆಲ್ಲ ರಿಯಾಯಿತಿ ಕೊಟ್ಟರೆ ನಾಳೆ ಎಲ್ಲರೂ ಡಿಪ್ರೆಶನ್ ಅಂತ ಬರ್ತಾರೆ’ ಎಂಬ ಮಾತು ಎಚ್‌ಆರ್ ವಲಯದಲ್ಲಿ ಸಾಮಾನ್ಯ. ಬರುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು ತದ್ವಿರುದ್ಧ ಸಮಸ್ಯೆ: ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಇಲ್ಲದ ಕಾಯಿಲೆ ಹೇಳಿಕೊಂಡು ಬರುವವರಿಗಿಂತ ಇರುವ ಕಾಯಿಲೆ ಬಚ್ಚಿಡುವವರೇ ಬಹಳ.

ರಾಜ್ಯ ಸರ್ಕಾರ ಐ.ಟಿ. ಉದ್ಯಮಕ್ಕೆ, ಕೆಲಸದ ಷರತ್ತು ಮತ್ತು ಶಿಸ್ತುಕ್ರಮದ ನಿಯಮಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಡುತ್ತ ಬಂದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದಾಗ, ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳಿದ್ದವು. ಆಮೇಲೆ ಕೇಂದ್ರದ ಕಾರ್ಮಿಕ ಸಂಹಿತೆಗಳು ಬಂದಿವೆ. ಅವುಗಳಡಿ ರೂಪಿಸುವ ರಾಜ್ಯದ ನಿಯಮಗಳಲ್ಲಿ ಇನ್ನೊಂದು ಸಾಲು ಸೇರಿಸಲು ಅಡ್ಡಿಯೇನಿಲ್ಲ: ನೌಕರ ಮಾನಸಿಕ ಚಿಕಿತ್ಸೆಯಲ್ಲಿದ್ದಾನೆಂದು ವೈದ್ಯರು ಬರೆದುಕೊಟ್ಟ ದಿನದಿಂದ ಪಿಐಪಿಯಂತಹ ಯಾವುದೇ ಗಡುವಿನ ಎಣಿಕೆ ನಿಲ್ಲಬೇಕು, ಕನಿಷ್ಠ ಮೂರು ತಿಂಗಳ ಮಟ್ಟಿಗೆ, ಆ ಅವಧಿಯಲ್ಲಿ ಪಡೆದ ರಾಜೀನಾಮೆಯನ್ನು ಹಿಂಪಡೆಯಲು ಅವಕಾಶ ಇರಬೇಕು. ಹೀಗೆ ನಿಲ್ಲಿಸಿದ, ನಿಲ್ಲಿಸದ ಪ್ರಕರಣಗಳೆರಡರ ಲೆಕ್ಕವನ್ನೂ ಕಂಪನಿಗಳು ವರ್ಷಕ್ಕೊಮ್ಮೆ ಕಾರ್ಮಿಕ ಇಲಾಖೆಗೆ ಕೊಡಲಿ, ಹೆಸರುಗಳನ್ನು ಬಿಟ್ಟು.