ಮುಚ್ಚಿದ ಬಾಗಿಲಿಗೂ ಕಾವಲು ಬೇಕು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಗಾಗಿ ಇನ್ಸುಲಿನ್ ತಂದಿಟ್ಟಿರುತ್ತೇವೆ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಇಂದು ಮಾನವ ವಂಶವಾಹಿಯನ್ನು ಸೇರಿಸಿದ ಬ್ಯಾಕ್ಟೀರಿಯಾ ಇಲ್ಲವೆ ಯೀಸ್ಟ್ ಅದನ್ನು ತಯಾರಿಸುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಯೀಸ್ಟ್‌ನಿಂದಲೇ ದೊರೆತುದು. ವಿಜ್ಞಾನದ ಈ ಉಪಕಾರವನ್ನು ನಾವು ಅಲ್ಲಗಳೆಯಲಾರೆವು.

ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಸೀಮೆಯವರಿಗೆ, 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯ ಚರ್ಚೆ ಹೊಸದಲ್ಲ. ಆದರೆ ಕಾರ್ಖಾನೆ, ಪ್ರಯೋಗಾಲಯಗಳ ಒಳಗೆ ಬೆಳೆಯುವ ಸೂಕ್ಷ್ಮಜೀವಿಗಳ ಬಗ್ಗೆ ನಾವು ವಿಚಾರಿಸಿದ್ದು ಕಡಿಮೆ. ತೊಟ್ಟಿ ಮುಚ್ಚಿರಬೇಕು, ಹೊರಹೋಗುವ ಗಾಳಿಯನ್ನು ಸೋಸಬೇಕು, ತ್ಯಾಜ್ಯದಲ್ಲಿರುವ ಜೀವಿಗಳನ್ನು ಕೊಂದ ಬಳಿಕವೇ ಚರಂಡಿಗೆ ಬಿಡಬೇಕು. ಇದೇ ಸುರಕ್ಷತೆಯ ತಿರುಳು.

ಇದರಲ್ಲಿ ಒಂದು ಕೊಂಡಿ ತಪ್ಪಿದರೆ ಏನಾದೀತು? ಚೀನಾದ ಲಾನ್‌ಝೌ ನಗರದಲ್ಲಿ 2019ರಲ್ಲಿ, ಜಾನುವಾರುಗಳ ಲಸಿಕೆ ತಯಾರಿಸುವ ಕಾರ್ಖಾನೆಯೊಂದು ಅವಧಿ ಮುಗಿದ ಸೋಂಕುನಾಶಕವನ್ನು ಬಳಸಿತು. ಬ್ರುಸೆಲ್ಲಾ ರೋಗಾಣು ಗಾಳಿಗೆ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಆ ರೋಗಾಣು ವಂಶವಾಹಿ ಬದಲಿಸಿದ್ದೆಂದು ನಾವು ಹೇಳುತ್ತಿಲ್ಲ, ಸೋತದ್ದು ಕಾವಲು.

ನಮ್ಮ ದೇಶದಲ್ಲಿ ಈ ಎರಡೂ ಬಗೆಯ ಜೀವಿಗಳಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರಚಿಸಿದ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯೊಳಗೆ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅಗತ್ಯವಿರುವ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ಕೂಡಬೇಕು. ಅದರಲ್ಲಿ ಆರೋಗ್ಯ, ಕೃಷಿ, ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಇರುತ್ತಾರೆ. ಇಂಥ ಘಟಕಗಳನ್ನು ಕಂಡು, ಅಪಾಯಗಳನ್ನು ಗುರುತಿಸಿ, ಹೊರಗಿನ ಜನರ ರಕ್ಷಣೆಗೆ ತುರ್ತು ಯೋಜನೆ ಸಿದ್ಧಪಡಿಸುವುದು ಅದರ ಹೊಣೆ.

ಅಗತ್ಯವಿದೆಯೆಂದು ತೀರ್ಮಾನಿಸುವವರು ಯಾರು? ಯಾರೂ ಕೇಳದಿದ್ದರೆ ಅಗತ್ಯವೇ ಇಲ್ಲವೆಂದಾಗುತ್ತದೆ. ಅನಾಹುತವಾದ ಮೇಲೆ ಕೂಡುವ ಸಮಿತಿಯಿಂದ ಫಲವೇನು? 1997ರಲ್ಲಿ ರಚನೆಯಾದ ನಮ್ಮ ಹಾವೇರಿ ಜಿಲ್ಲೆಯಲ್ಲಿ ಆ ಸಮಿತಿ ಇದೆಯೇ, ಕೂಡಿದೆಯೇ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವುದು ನಾಗರಿಕರ ಹಕ್ಕು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ವಂಶವಾಹಿ ಮಾರ್ಪಾಟನ್ನು ಸಾರಾಸಗಟಾಗಿ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಬಾಧಿತರೆಲ್ಲರೂ ಪಾಲ್ಗೊಳ್ಳುವ ವಿಶಾಲವಾದ, ಹೊಣೆಯರಿತ ಚರ್ಚೆಯನ್ನು ಬಯಸಿದರು.

ಜೈವಿಕ ತಂತ್ರಜ್ಞಾನ ಓದುತ್ತಿರುವ ನಮ್ಮ ಮಕ್ಕಳನ್ನು ಹೆದರಿಸಬೇಕಿಲ್ಲ. ಪ್ರಯೋಗದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಭ್ಯಾಸವನ್ನು ಅವರಿಗೆ ಕಲಿಸೋಣ. ಜಿಲ್ಲಾಡಳಿತವನ್ನು ಪ್ರಶ್ನಿಸುವ ಮೊದಲ ಪತ್ರವನ್ನು ನಾವೇ ಬರೆಯೋಣ.