ಅರ್ಧಕ್ಕೆ ನಿಂತ ಹಾಡು

ವಿವಾಹವಾಗಿ 25 ವರ್ಷ ತುಂಬಿದ ದಂಪತಿಗಳು ಎರಡು ದಿನಗಳ ಮಟ್ಟಿಗೆ ಕಾರವಾರಕ್ಕೆ ಬಂದಿದ್ದರು. ಸಾಲದ ಕಂತು, ಮಕ್ಕಳ ಶುಲ್ಕಗಳ ಹೊರತು ಬೇರೆ ಮಾತನ್ನೇ ಮರೆತ ಸಂಸಾರ! ಸಂಜೆ ಮರಳ ಮೇಲೆ ಕುಳಿತಾಗ ಪತಿರಾಯರಿಗೆ ಮೌನವನ್ನು ಸಹಿಸಲಾಗದೆ ಇತಿಹಾಸ ನೆನಪಾಯಿತು. 1883ರಲ್ಲಿ 22ರ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದುದು, ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದುದು, ಎಲ್ಲವನ್ನೂ ಇಸವಿ ಸಮೇತ ಹೇಳಿದರು.

“ನನ್ನನ್ನು ನೋಡಲು ಬಂದ ದಿನ ನಾನು ಹಾಡಿದ್ದು ಯಾವ ಹಾಡು, ಹೇಳಿ ನೋಡೋಣ?” ಎಂದಳಾಕೆ.

ಪತಿರಾಯರು ನಿರುತ್ತರರಾದರು. ಪಾಪ, ಅಂದು ಪಲ್ಲವಿ ಮುಗಿಯುವ ಮೊದಲೇ ಉಪ್ಪಿಟ್ಟು ಬಂದುಬಿಟ್ಟಿತ್ತು!

ಆಕೆ ಕೋಪಿಸಿಕೊಳ್ಳಲಿಲ್ಲ, ಮೆಲ್ಲನೆ ಪಲ್ಲವಿಯನ್ನು ಎತ್ತಿಕೊಂಡಳು. ಅಲೆಗಳ ಮೊರೆತದಲ್ಲಿ ಸರಿಯಾಗಿ ಕೇಳಿಸದೆ ಅವರು ಹತ್ತಿರ ಸರಿದು ಕುಳಿತರು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕತ್ತಲಾಗಿತ್ತು.