ಕೊಳಚೆ ಘಟಕಕ್ಕೂ ಬೇಕು ಭೂಕಂಪದ ಕವಚ

ಭುಜ್ ಭೂಕಂಪ ಸಂಭವಿಸಿದ ಮರುವರ್ಷ, ಅಂದರೆ 2002ರಲ್ಲಿ, ನನ್ನ ಮೇಜಿಗೆ ಒಂದು ಕಡತ ಬಂದಿತ್ತು. ರಾಜ್ಯದ ನಗರವೊಂದರ ಹಳೆಯ ಒಳಚರಂಡಿ ಪಂಪ್‌ಹೌಸ್ ಭೂಕಂಪವನ್ನು ತಾಳಬಲ್ಲುದೇ ಎಂದು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಅದನ್ನು ಬಲಪಡಿಸಲು ಅಂದಾಜು ಪಟ್ಟಿ ತಯಾರಿಸುವ ಪ್ರಸ್ತಾವ ಅದು. ಕೇಳಿದ್ದ ಹಣ ದೊಡ್ಡದೇನಲ್ಲ. ಅರ್ಥಶಾಸ್ತ್ರ ಓದಿದವನೆಂಬ ಹಮ್ಮಿನಲ್ಲಿ ನಾನು, ‘ಈ ವೆಚ್ಚದಿಂದ ದೊರೆಯುವ ಪ್ರಯೋಜನವನ್ನು ಅಂಕಿ ಅಂಶಗಳ ಸಹಿತ ವಿವರಿಸುವುದು’ ಎಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿದೆ. ಅದು ಮತ್ತೆ ಬರಲಿಲ್ಲ. ಆ ಕಟ್ಟಡ ಇಂದಿಗೂ ನಿಂತಿದೆ. ಆದರೆ ಅದು ನಿಂತಿರುವುದು ನನ್ನ ಷರಾ ಸರಿಯಾಗಿತ್ತು ಎಂಬುದಕ್ಕೆ ಪುರಾವೆಯಲ್ಲ. ಅದರ ಬಲ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ ಎಂಬುದಷ್ಟೇ ಅದರ ಅರ್ಥ.

ಭೂಕಂಪವೆಂದೊಡನೆ ನಮಗೆ ನೆನಪಾಗುವುದು ಮನೆ, ಶಾಲೆ, ಆಸ್ಪತ್ರೆಗಳು. ಅದು ಸಹಜ, ಸರಿಯೂ ಹೌದು. ಕೊಳಚೆ ನೀರು ಸಂಸ್ಕರಿಸುವ ಕಟ್ಟಡವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಜಪಾನಿನ ಕೋಬೆ ನಗರಕ್ಕೆ ಅದರ ನೆನಪಾದದ್ದು 1995ರ ಜನವರಿ 17ರ ಮುಂಜಾನೆ. ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಆ ಭೂಕಂಪದಲ್ಲಿ ನಗರದ ಹಿಗಾಶಿನಾಡಾ ಸಂಸ್ಕರಣಾ ಘಟಕದ ಕೆಳಗಿನ ನೆಲ ನೀರಿನಂತಾಗಿ, ಪಕ್ಕದ ಕಾಲುವೆಯ ಕಡೆಗೆ ಸರಿಯಿತು. ಕಟ್ಟಡ, ತೊಟ್ಟಿ, ಕೊಳವೆಗಳ ನಡುವಣ ಸಂಬಂಧ ಕಡಿದುಹೋಯಿತು. ಸುಮಾರು ನೂರು ದಿನ ಆ ಘಟಕ ನಿಷ್ಕ್ರಿಯವಾಗಿತ್ತು. ನಗರದ ಎಂಜಿನಿಯರುಗಳು ಬೇರೆ ದಾರಿ ಕಾಣದೆ ಆ ಕಾಲುವೆಯನ್ನೇ ಅಡ್ಡಗಟ್ಟಿ, ಅದನ್ನು ತಾತ್ಕಾಲಿಕ ತಿಳಿಗೊಳವನ್ನಾಗಿ ಬಳಸಿದರು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಅನುಭವವೂ ಇಂಥದೇ. 2011ರ ಫೆಬ್ರುವರಿ 22ರ ಭೂಕಂಪ 185 ಜನರ ಪ್ರಾಣ ತೆಗೆಯಿತು. ಒಡೆದ ಒಳಚರಂಡಿ ಕೊಳವೆಗಳೊಳಗೆ ನುಗ್ಗಿದ ಮರಳು, ಹೂಳು ಬ್ರೋಮ್ಲಿಯ ಸಂಸ್ಕರಣಾ ಘಟಕದವರೆಗೂ ಸಾಗಿ ಬಂದಿತು. ಘಟಕದ ತಿಳಿತೊಟ್ಟಿಗಳಿಗೆ ಹಾನಿಯಾಯಿತು. ಸಂಸ್ಕರಿಸದ ಮಲಿನ ನೀರು ನದಿಗಳ ಪಾಲಾಯಿತು. ಸಿರಿವಂತ ದೇಶದ ನಾಗರಿಕರು ತಿಂಗಳುಗಟ್ಟಲೆ ಬೀದಿ ಬದಿಯ ತಾತ್ಕಾಲಿಕ ಶೌಚಾಲಯಗಳನ್ನು ಆಶ್ರಯಿಸಬೇಕಾಯಿತು. ಅಲ್ಲಿಗೇ ಈ ಗತಿಯಾದರೆ, ನದಿಯ ಕೆಳಹರಿವಿನಲ್ಲಿ ಅದೇ ನೀರನ್ನು ಬಳಸುವ ಊರುಗಳಿರುವ ನಮ್ಮಲ್ಲಿ ಏನಾದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕಾಲರಾ, ಕಾಮಾಲೆಗಳಿಗೆ ರಿಕ್ಟರ್ ಮಾಪಕವಿಲ್ಲ.

ಇಂತಹ ಕಟ್ಟಡಗಳು ವಿಶೇಷವಾಗಿ ದುರ್ಬಲವಾಗಿರುವುದಕ್ಕೆ ಕಾರಣಗಳಿವೆ. ಕೊಳಚೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕಾದ್ದರಿಂದ ಘಟಕವನ್ನು ಊರಿನ ಅತಿ ತಗ್ಗಿನ ಜಾಗದಲ್ಲಿ, ಹೊಳೆ ಅಥವಾ ಕೆರೆಯ ಅಂಚಿನಲ್ಲಿ ಕಟ್ಟುತ್ತಾರೆ. ಅಂತಹ ಕಡೆ ಮಣ್ಣು ಸಡಿಲ, ಅಂತರ್ಜಲ ಮೇಲೆ. ಕೊಳಚೆಯಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲ ಬ್ಯಾಕ್ಟೀರಿಯಾಗಳ ಕ್ರಿಯೆಯಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನು ತಿನ್ನುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಂಬಿದ ತೊಟ್ಟಿಯಲ್ಲಿ ನೀರು ತುಯ್ದಾಡಿ ಗೋಡೆಗಳ ಮೇಲೆ ಹೆಚ್ಚುವರಿ ಒತ್ತಡ ಹೇರುತ್ತದೆ. ಇದಕ್ಕೆಲ್ಲ ಕಾಲದ ಪ್ರಶ್ನೆಯೂ ಸೇರುತ್ತದೆ. ಕಂಪನದಲ್ಲಿ ಕಾಂಕ್ರೀಟ್ ಕಟ್ಟಡ ಮುರಿಯದೆ ಬಾಗುವಂತೆ ಕಬ್ಬಿಣವನ್ನು ಹೇಗೆ ಜೋಡಿಸಬೇಕೆಂಬ ಪ್ರತ್ಯೇಕ ಭಾರತೀಯ ಮಾನಕ ಬಂದದ್ದೇ 1993ರಲ್ಲಿ. ಅದಕ್ಕೂ ಮೊದಲು ಕಟ್ಟಿದವುಗಳಿಂದ ಆ ಗುಣವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾದರೆ ಎಲ್ಲವನ್ನೂ ಕೆಡವಿ ಕಟ್ಟಬೇಕೆ? ಅಗತ್ಯವಿಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರ ಈ ಪ್ರಶ್ನೆಯನ್ನು ಎದುರಿಸಿದ ಬಗೆ ಗಮನಾರ್ಹ. ಅಲ್ಲಿನ ಕೊಳಚೆಯ ಬಹುಪಾಲನ್ನು ಸಂಸ್ಕರಿಸುವ ಸೌತ್‌ಈಸ್ಟ್ ಘಟಕ 1952ರಷ್ಟು ಹಳೆಯದು. ಅದರ ಸುಧಾರಣೆಗೆ ಹೊರಟಾಗ ನಗರಾಡಳಿತ ‘ಯಾವ ಗೋಡೆಯನ್ನು ಬಲಪಡಿಸೋಣ’ ಎಂಬಲ್ಲಿಂದ ಆರಂಭಿಸಲಿಲ್ಲ. ದೊಡ್ಡ ಭೂಕಂಪವಾದ 72 ಗಂಟೆಗಳೊಳಗೆ ಪ್ರಾಥಮಿಕ ಸಂಸ್ಕರಣೆ ಮತ್ತು ಸೋಂಕು ನಿವಾರಣೆ ಪುನರಾರಂಭವಾಗಬೇಕು ಎಂಬ ಗುರಿಯನ್ನು ಮೊದಲು ನಿಗದಿಪಡಿಸಿತು. ಗುರಿ ಸ್ಪಷ್ಟವಾದರೆ ಆದ್ಯತೆ ತಾನಾಗಿ ಸ್ಪಷ್ಟವಾಗುತ್ತದೆ. ಒಳಬರುವ ನೀರನ್ನೆತ್ತುವ ಪಂಪು, ಅದಕ್ಕೆ ವಿದ್ಯುತ್ತು, ಒಂದು ತಿಳಿತೊಟ್ಟಿ, ಕ್ಲೋರಿನ್ ಕೊಠಡಿ, ಹೊರಹೋಗುವ ಕೊಳವೆ: ಇಷ್ಟು ಉಳಿಯಲೇಬೇಕು. ಆಡಳಿತ ಕಚೇರಿಯ ಗೋಡೆಯಲ್ಲಿ ಬಿರುಕು ಬಿಟ್ಟರೆ ಸಹಿಸಿಕೊಳ್ಳಬಹುದು. ಒಳಗಿನ ಜನ ಸುರಕ್ಷಿತವಾಗಿ ಹೊರಬಂದರೆ ಸಾಕು.

ಎರಡನೆಯ ಹೆಜ್ಜೆ ಕೆಲಸದ ಕ್ರಮ. ಕ್ಲೋರಿನ್ ಸಿಲಿಂಡರುಗಳನ್ನು ಉರುಳದಂತೆ ಕಟ್ಟುವುದು, ಟ್ರಾನ್ಸ್‌ಫಾರ್ಮರ್, ವಿದ್ಯುತ್ ಫಲಕ, ಜನರೇಟರುಗಳನ್ನು ನೆಲಕ್ಕೆ ಬೋಲ್ಟಿನಿಂದ ಬಿಗಿಯುವುದು, ಕೊಳವೆ ಗೋಡೆಯನ್ನು ಹೊಗುವ ಕಡೆ ಬಾಗುವ ಜೋಡಣೆ ಹಾಕುವುದು ಕಡಿಮೆ ಖರ್ಚಿನ, ತಕ್ಷಣ ಮಾಡಬಹುದಾದ ಕೆಲಸಗಳು. ಕಂಬಗಳಿಗೆ ಕವಚ ತೊಡಿಸುವುದು, ಹೊಸ ಕಾಂಕ್ರೀಟ್ ಗೋಡೆ ಸೇರಿಸುವುದು, ತಳದ ಮಣ್ಣನ್ನು ಗಟ್ಟಿಗೊಳಿಸುವುದು ದುಬಾರಿ; ಅವು ತನಿಖೆಯ ನಂತರದ ಮಾತು. ಒಂದು ತೊಡಕನ್ನು ಮಾತ್ರ ಮರೆಯುವಂತಿಲ್ಲ. ಶಾಲೆಗೆ ಬೇಸಿಗೆ ರಜೆ ಕೊಟ್ಟು ದುರಸ್ತಿ ಮಾಡಬಹುದು, ಕೊಳಚೆ ನೀರಿಗೆ ರಜೆಯಿಲ್ಲ. ಆದ್ದರಿಂದ ಒಂದೊಂದೇ ತೊಟ್ಟಿಯನ್ನು ಬರಿದು ಮಾಡಿ, ಹರಿವು ಕಡಿಮೆಯಿರುವ ತಿಂಗಳುಗಳಲ್ಲಿ, ವರ್ಷಗಳ ಕಾಲ ಹಂತ ಹಂತವಾಗಿ ನಡೆಸಬೇಕಾದ ಕಾರ್ಯವಿದು. ತೀರಾ ಶಿಥಿಲವಾದ ಕಡೆ ಹೊಸದನ್ನು ಕಟ್ಟುವುದೇ ಲಾಭಕರ ಎಂದೂ ತನಿಖೆ ಹೇಳಬಹುದು. ಆದರೆ ಹಾಗೆಂದು ನಿರ್ಧರಿಸುವುದಕ್ಕೂ ಮೊದಲು ತನಿಖೆ ನಡೆಯಬೇಕಲ್ಲ!

‘ಇದೆಲ್ಲ ಜಪಾನ್, ಅಮೆರಿಕಗಳ ಚಿಂತೆ, ದಖ್ಖನ್ ಪ್ರಸ್ಥಭೂಮಿಯ ನಮಗೇಕೆ’ ಎಂಬ ಪ್ರಶ್ನೆ ಬರುತ್ತದೆ. 1967ರ ಡಿಸೆಂಬರ್ 11ರಂದು ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಕಂಪಿಸುವ ಮುನ್ನ ಅಲ್ಲಿನವರೂ ಹೀಗೆಯೇ ಭಾವಿಸಿದ್ದರು. ಸಾವಿರಾರು ಜನ ಮಡಿದ ಕಿಲ್ಲಾರಿ ಪ್ರದೇಶ ಆಗಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ಅದೇ ಪರಿಷ್ಕರಣೆ ಬೆಂಗಳೂರನ್ನು ಎರಡನೆಯ ವಲಯದಲ್ಲಿಯೂ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರುಗಳನ್ನು ಮೂರನೆಯ ವಲಯದಲ್ಲಿಯೂ ಇರಿಸಿತು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಕಂಪನದ ಭಯದಿಂದ ಮನೆಯ ಹೊರಗೆ ರಾತ್ರಿ ಕಳೆದದ್ದನ್ನು ನಾವು ಮರೆಯಬಾರದು. ನಮ್ಮ ಅಪಾಯ ಕೋಬೆಯಷ್ಟಿಲ್ಲ ಎಂಬುದು ನಿಜ. ಆದ್ದರಿಂದ ನಮ್ಮ ವೆಚ್ಚವೂ ಅಷ್ಟಿರಬೇಕಾಗಿಲ್ಲ. ಹಳೆಯ ನಿರ್ಮಾಣವನ್ನು ಬಲಪಡಿಸುವ ವಿದ್ಯೆಯೂ ನಮಗೆ ಹೊಸದಲ್ಲ. 1967ರಲ್ಲಿ ಬಿರುಕು ಬಿಟ್ಟ ಕೊಯ್ನಾ ಅಣೆಕಟ್ಟೆಯನ್ನು ನಮ್ಮ ಎಂಜಿನಿಯರುಗಳೇ ಬಲಪಡಿಸಿದರು.

ಇನ್ನು ನನ್ನ ಹಳೆಯ ಷರಾದ ವಿಚಾರ. ಪ್ರಯೋಜನವನ್ನು ಅಂಕಿಗಳಲ್ಲಿ ಕೇಳಿದ್ದು ತಪ್ಪಲ್ಲ. ಲೆಕ್ಕದ ಕ್ರಮವೇ ಪಕ್ಷಪಾತದ್ದಾಗಿತ್ತು. ಶೇ 10ರ ಬಡ್ಡಿ ದರದಲ್ಲಿ ಮೂವತ್ತು ವರ್ಷಗಳ ನಂತರದ 100 ರೂಪಾಯಿ ನಷ್ಟದ ಇಂದಿನ ಮೌಲ್ಯ ಆರು ರೂಪಾಯಿಗೂ ಕಡಿಮೆ. ಶೇ 4ರ ದರದಲ್ಲಿ ಅದೇ ನಷ್ಟ ಸುಮಾರು 31 ರೂಪಾಯಿ. ನಾವು ಆರಿಸುವ ದರವೇ ಮೊಮ್ಮಕ್ಕಳ ಹಿತವನ್ನು ಐದು ಪಟ್ಟು ಕುಗ್ಗಿಸಬಲ್ಲುದು. ಅಲ್ಲದೆ, ಭೂಕಂಪ ಮೂವತ್ತು ವರ್ಷ ಕಾದು ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ; ಅದು ಬರುವ ವರ್ಷವೇ ಬರಬಹುದು. ಇನ್ನೊಂದು ಸೂಕ್ಷ್ಮವಿದೆ. ಬಲವರ್ಧನೆಯ ಖರ್ಚು ಬೀಳುವುದು ಜಲಮಂಡಳಿ ಅಥವಾ ನಗರಸಭೆಯ ಮೇಲೆ. ಘಟಕ ಕುಸಿದರೆ ನಷ್ಟ ಬೀಳುವುದು ಕೆಳಹರಿವಿನ ರೈತರು, ಮೀನುಗಾರರು, ಬಾವಿ ನೀರು ಕುಡಿಯುವವರ ಮೇಲೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿರುವಾಗ ಈ ಹೊಣೆ ಜಿಲ್ಲೆಯ ಗಡಿಯನ್ನೂ ದಾಟಿದೆ. ಲೆಕ್ಕಪುಸ್ತಕದಲ್ಲಿ ಅವರ ಹೆಸರಿಲ್ಲವೆಂದ ಮಾತ್ರಕ್ಕೆ ಅವರ ನಷ್ಟ ನಷ್ಟವಲ್ಲವೆ?

ಆಡಳಿತದೊಳಗಿದ್ದವನಾಗಿ ಒಂದು ಮಾತು. ಹೊಸ ಘಟಕಕ್ಕೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಅನುದಾನವಿದೆ. ಹಳೆಯ ಕಂಬಕ್ಕೆ ತೊಡಿಸಿದ ಕವಚವನ್ನು ಯಾವ ಸಚಿವರೂ ಉದ್ಘಾಟಿಸುವುದಿಲ್ಲ. ಅದು ‘ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಬರುತ್ತದೆ, ವರ್ಷದ ಕೊನೆಯಲ್ಲಿ ಮೊದಲು ಕಡಿತವಾಗುವ ಶೀರ್ಷಿಕೆ ಅದೇ. ಆದ್ದರಿಂದ ಭೂಕಂಪ ಬಲವರ್ಧನೆಗೆ ಬಂಡವಾಳ ವೆಚ್ಚದಲ್ಲಿ ಪ್ರತ್ಯೇಕ ಉಪಶೀರ್ಷಿಕೆ ಇರಬೇಕು. ಮೂರನೆಯ ವಲಯದ ಊರುಗಳಿಂದ ಆರಂಭಿಸಿ, 1993ಕ್ಕೂ ಹಿಂದಿನ ಸಂಸ್ಕರಣಾ ಘಟಕ, ಪಂಪ್‌ಹೌಸ್‌ಗಳ ಪಟ್ಟಿ ಮಾಡಿ ತನಿಖೆ ನಡೆಸಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿಯೇ ದುರ್ಬಲ ಕಟ್ಟಡಗಳ ಬಲವರ್ಧನೆಗೆ ಮಾರ್ಗಸೂಚಿ ಪ್ರಕಟಿಸಿದೆ. ಹೊಸ ಸಮಿತಿಯ ಅಗತ್ಯವಿಲ್ಲ. ಭೂಕಂಪವಾದರೆ ಎಷ್ಟು ಗಂಟೆಗಳಲ್ಲಿ ಘಟಕ ಮತ್ತೆ ಕೆಲಸ ಮಾಡುತ್ತದೆ ಎಂಬುದನ್ನು ಪ್ರತಿ ಸಂಸ್ಥೆಯೂ ನಾಗರಿಕರಿಗೆ ಬಹಿರಂಗವಾಗಿ ಹೇಳಲಿ.

ಇಂದು ಅಂತಹ ಕಡತವೊಂದು ಯಾವುದಾದರೂ ಕಿರಿಯ ಅಧಿಕಾರಿಯ ಮೇಜಿನ ಮೇಲಿರಬಹುದು. ಪ್ರಯೋಜನದ ಅಂಕಿ ಅಂಶ ಕೇಳುವ ಮೊದಲು ಅವರು ಒಮ್ಮೆ ಆ ಕಟ್ಟಡಕ್ಕೆ ಹೋಗಿ ಬರಲಿ, ಗೋಡೆಯ ಮೇಲೆ ಕೈಯಾಡಿಸಲಿ, ರಾತ್ರಿ ಪಾಳಿಯಲ್ಲಿ ಅದರೊಳಗೆ ದುಡಿಯುವವರನ್ನು ಮಾತನಾಡಿಸಲಿ. ನಾನು ಹೋಗಿರಲಿಲ್ಲ.